ಹತ್ತಿರದ ಸರಕಾರ, ದೂರದ ಸರಕಾರ

೧೯೯೭ನೆಯ ಇಸವಿಯ ಆಗಸ್ಟ್ ತಿಂಗಳ ೨೫ರಂದು ಉಡುಪಿ, ಕುಂದಾಪುರ, ಕಾರ್ಕಳ ಎಂಬ ಮೂರು ತಾಲೂಕುಗಳು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯೆನಿಸಿಕೊಂಡುವು. ಅದಕ್ಕೆ ಮುಂಚೆ ಬೈಂದೂರಿನ ಕಡಲಂಚಿನ ಕೃಷಿಕನೊಬ್ಬನ ಕಾಗದಕ್ಕೆ ಜಿಲ್ಲಾಧಿಕಾರಿಗಳ ಮೊಹರು ಬೀಳಬೇಕಾಗಿದ್ದರೆ, ಆತನು ಕೋಳಿ ಕೂಗುವ ಹೊತ್ತಿಗೆ ಎದ್ದು, ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿಯನ್ನು ಬಸ್ಸಿನಲ್ಲಿ ಸವೆಸಿ ಮಂಗಳೂರನ್ನು ತಲಪಿ, ಅಲ್ಲಿ ‘ಸಾಹೇಬರು ಕ್ಯಾಂಪಿನಲ್ಲಿದ್ದಾರೆ’ ಎಂಬ ಉತ್ತರವನ್ನು ಕೇಳಿಕೊಂಡು, ಆ ದಿನದ ದುಡಿಮೆಯನ್ನೂ ಬಸ್ಸಿನ ಚಾರ್ಜನ್ನೂ ಕಳೆದುಕೊಂಡು ರಾತ್ರಿ ಮನೆ ಸೇರುವುದು ವಿರಳವಾದ ಸಂಗತಿಯೇನಾಗಿರಲಿಲ್ಲ. ಈಗ ಮಣಿಪಾಲದ ಗುಡ್ಡದ ಮೇಲೆ ‘ರಜತಾದ್ರಿ’ಯೆಂಬ ಹೆಸರಿನ ವಿಶಾಲ ಸೌಧದಲ್ಲಿ ಜಿಲ್ಲಾಧಿಕಾರಿಗಳ ಕಚೇರಿಯಿದೆ, ಮೂರು ತಾಲೂಕುಗಳು ಬ್ರಹ್ಮಾವರ, ಬೈಂದೂರು, ಕಾಪು, ಹೆಬ್ರಿಗಳು ಸೇರಿ ಏಳಾಗಿವೆ, ತಹಶೀಲ್ದಾರರ ಕಚೇರಿಯು ಬಹುಮಂದಿಗೆ ಒಂದು ಗಂಟೆಯ ದಾರಿಯೊಳಗೆ ಬಂದಿದೆ. ಸರಕಾರವು ಹತ್ತಿರ ಬಂದಿತು ಎಂಬುದರಲ್ಲಿ ಸಂದೇಹವಿಲ್ಲ. ಹತ್ತಿರ ಬಂದ ಸರಕಾರದ ಕೈಯಲ್ಲಿ ಏನಿದೆ, ಅದರಿಂದ ನಮ್ಮ ನಿತ್ಯಜೀವನದ ಸುಖದುಃಖಗಳು ಎಷ್ಟರಮಟ್ಟಿಗೆ ನಿರ್ಣಯವಾಗುತ್ತವೆ ಎಂಬುದನ್ನು ಮಾತ್ರ ಸ್ವಲ್ಪ ನಿಂತು ವಿಚಾರಿಸಬೇಕಾಗಿದೆ.

ವಿಚಾರಣೆಗೆ ಕಾಪುವಿನ ಕಡಲ ಕಿನಾರೆಯಷ್ಟು ಅನುಕೂಲವಾದ ಸ್ಥಳ ಬೇರೊಂದಿಲ್ಲ. ಬಂಡೆಯ ಮೇಲೆ ೧೯೦೧ರಲ್ಲಿ ಎದ್ದ ದೀಪಸ್ತಂಭವು ಕೇಂದ್ರ ಸರಕಾರದ ಸೊತ್ತು. ಭರತದ ಗೆರೆಯಿಂದ ಈಚೆಗಿನ ಮರಳಿನ ಮೇಲೆ ಯಾರು ಏನನ್ನು ಕಟ್ಟಬಹುದು, ಕಟ್ಟಬಾರದು ಎಂಬುದನ್ನು ವಿಧಿಸುವುದು ದಿಲ್ಲಿಯಲ್ಲಿ ಹೊರಟ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ. ಅದನ್ನು ಜಾರಿಗೆ ತರುವುದು ರಾಜ್ಯದ ಪ್ರಾಧಿಕಾರ. ದಡಕ್ಕೆ ಎಳೆದಿಟ್ಟ ನಾಡದೋಣಿಗೆ ಪರವಾನಿಗೆ ರಾಜ್ಯದ ಮೀನುಗಾರಿಕಾ ಇಲಾಖೆಯದು, ಆ ದೋಣಿಯ ಇಂಜಿನಿಗೆ ಬೇಕಾದ ಸೀಮೆಎಣ್ಣೆಯ ಪಾಲು ಬರಬೇಕಾದುದು ಕೇಂದ್ರದಿಂದ. ಕಿನಾರೆಗೆ ಬರುವ ಮಾರ್ಗದ ದೀಪ, ಅಲ್ಲಿ ಬಿದ್ದ ಕಸ, ಗೂಡಂಗಡಿಯ ಪರವಾನಿಗೆ ಇವು ಕಾಪು ಪುರಸಭೆಯವು. ಆ ಪುರಸಭೆಯಾದರೋ ಮೊನ್ನೆ ಮೊನ್ನೆಯವರೆಗೆ ಕಾಪು, ಮಲ್ಲಾರು, ಉಳಿಯಾರಗೋಳಿ ಎಂಬ ಗ್ರಾಮ ಪಂಚಾಯತಿಗಳಾಗಿದ್ದುದು. ಅಲ್ಲಿಂದ ಮೂಡಣಕ್ಕೆ ನಡೆದರೆ ಸಿಗುವ ೬೬ನೆಯ ರಾಷ್ಟ್ರೀಯ ಹೆದ್ದಾರಿ ಮತ್ತೆ ದಿಲ್ಲಿಯದು, ಅದರ ಹೆಜಮಾಡಿಯ ಟೋಲು ವಸೂಲಾಗುವುದು ದಿಲ್ಲಿಯೊಡನೆ ಕರಾರು ಮಾಡಿಕೊಂಡ ಕಂಪೆನಿಯ ಲೆಕ್ಕಕ್ಕೆ. ಸಂಜೆಯ ಹೊತ್ತು ಸಮುದ್ರವನ್ನು ನೋಡಲು ಬಂದ ಸಾಮಾನ್ಯ ಗೃಹಸ್ಥನು ಅರ್ಧ ಗಂಟೆಯೊಳಗೆ ಮೂರು ನಾಲ್ಕು ಪ್ರಭುತ್ವಗಳ ಎಲ್ಲೆಗಳನ್ನು ದಾಟುತ್ತಾನೆ. ದೀಪ ಉರಿಯದಿದ್ದರೂ, ದೋಣಿಗೆ ಎಣ್ಣೆ ಸಿಗದಿದ್ದರೂ, ಹೆದ್ದಾರಿಯಲ್ಲಿ ಅಪಘಾತವಾದರೂ ಅವನು ಫೋನು ಮಾಡುವುದು ಮಾತ್ರ ತನ್ನ ವಾರ್ಡಿನ ಸದಸ್ಯನಿಗೆ.

ಈ ಸೀಮೆಯ ಜನರು ದೂರದ ಸರಕಾರಕ್ಕೆ ಹಳಬರು. ಒಂದೂವರೆ ಶತಮಾನ ನಮ್ಮನ್ನು ಆಳಿದುದು ಮದರಾಸು. ೧೮೬೨ರಲ್ಲಿ ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ಸೇರಿದಾಗ ದಕ್ಷಿಣ ಕನ್ನಡವು ಮದರಾಸಿನಲ್ಲೇ ಉಳಿದು, ೧೯೫೬ರ ನವೆಂಬರ್ ೧ರಂದು, ಕಾಸರಗೋಡನ್ನು ಕೇರಳಕ್ಕೆ ಬಿಟ್ಟುಕೊಟ್ಟು, ಮೈಸೂರು ರಾಜ್ಯಕ್ಕೆ ಬಂದಿತು. ಮದರಾಸಿನ ಕಂದಾಯ ಮಂಡಳಿಯು ಬರೆದಿಟ್ಟ ನಿಯಮಗಳ ಪೈಕಿ ಕೆಲವು ಇಂದಿಗೂ ನಮ್ಮ ತೋಟದ ಬೇಲಿಯ ಆಚೆಗೆ ಬದುಕಿವೆ. ವರ್ಗ ಭೂಮಿಯ ಸುತ್ತ ನಲವತ್ತೈದು ಚೈನುಗಳ, ಎಂದರೆ ಸುಮಾರು ಒಂಬೈನೂರು ಮೀಟರುಗಳ, ಒಳಗಿನ ಸರಕಾರೀ ಜಾಗೆಯಲ್ಲಿ ಸೊಪ್ಪು, ಸೌದೆ, ಮೇವುಗಳನ್ನು ತಂದುಕೊಳ್ಳುವ ‘ಕುಮ್ಕಿ’ ಹಕ್ಕು ಅಂಥದೊಂದು. ಬೆಂಗಳೂರಿನಿಂದ ಬಂದ ಅಧಿಕಾರಿಗೆ ಅದನ್ನು ವಿವರಿಸುವುದರಲ್ಲಿಯೇ ಕರಾವಳಿಯ ಶಾಸಕರ ಎಷ್ಟೋ ಭಾಷಣಗಳು ಮುಗಿದಿವೆ. ದೂರದಲ್ಲಿದ್ದೂ ಆ ಮಂಡಳಿಗೆ ಈ ನೆಲದ ಬೇಸಾಯಕ್ಕೆ ಹಸುರುಸೊಪ್ಪು ಬೇಕೆಂಬ ಅರಿವಿತ್ತಲ್ಲ ಎಂಬುದನ್ನು ನೆನೆದರೆ, ದೂರವೆಂಬುದೇ ದೋಷವೆಂದು ಥಟ್ಟನೆ ತೀರ್ಮಾನಿಸಲು ನನಗೆ ಧೈರ್ಯ ಸಾಲದು.

ಆದರೆ ಹತ್ತಿರದ ಸರಕಾರವು ಏನನ್ನು ಸಾಧಿಸಬಲ್ಲದೆಂಬುದಕ್ಕೆ ಉಡುಪಿಯ ಚರಿತ್ರೆಯಲ್ಲಿಯೇ ಒಂದು ಉಜ್ವಲವಾದ ಉದಾಹರಣೆಯಿದೆ. ೧೯೩೫ರಲ್ಲಿ ಸ್ಥಾಪಿತವಾದ ಉಡುಪಿಯ ಪುರಸಭೆಗೆ ೧೯೬೮ರಲ್ಲಿ ವೈದ್ಯರಾದ ಡಾಕ್ಟರ್ ವಿ. ಎಸ್. ಆಚಾರ್ಯರು ಅಧ್ಯಕ್ಷರಾದರು. ಮನುಷ್ಯನ ಮಲವನ್ನು ಮನುಷ್ಯನೇ ತಲೆಯ ಮೇಲೆ ಹೊತ್ತು ಸಾಗಿಸುವ ಕ್ರೂರ ಪದ್ಧತಿಯು ಆಗ ದೇಶದ ಎಷ್ಟೋ ಪಟ್ಟಣಗಳಲ್ಲಿ ಇದ್ದಂತೆ, ಎಂಟು ಮಠಗಳ ಈ ಕ್ಷೇತ್ರದಲ್ಲಿಯೂ ಇತ್ತು. ಅವರ ಕಾಲದಲ್ಲಿ ಪುರಸಭೆಯು ಅದನ್ನು ನಿಲ್ಲಿಸಿತು. ಊರಿಗೆ ಒಳಚರಂಡಿಯನ್ನು ತರುವ ಕೆಲಸಕ್ಕೂ ಕೈಹಾಕಿತು. ಎಪ್ಪತ್ತರ ದಶಕದಲ್ಲಿ ಬಸವಲಿಂಗಪ್ಪನವರು ರಾಜ್ಯದ ಮಂತ್ರಿಗಳಾಗಿದ್ದಾಗ ಈ ನಿಷೇಧವು ರಾಜ್ಯವ್ಯಾಪಿಯಾಯಿತು. ದೇಶದ ಸಂಸತ್ತು ಇದೇ ಉದ್ದೇಶಕ್ಕೆ ಮೊದಲ ಕಾಯಿದೆಯನ್ನು ಮಾಡಿದುದು ೧೯೯೩ರಲ್ಲಿ. ಪುರಸಭೆಯ ಒಂದು ಠರಾವಿಗೂ ಸಂಸತ್ತಿನ ಒಂದು ಕಾಯಿದೆಗೂ ನಡುವೆ ಸುಮಾರು ಕಾಲು ಶತಮಾನದ ಅಂತರ! ಬೀದಿಯಲ್ಲಿ ಎದುರಾಗುವ ಮನುಷ್ಯನ ಮುಖವನ್ನು ನೋಡಬಲ್ಲಷ್ಟು ಹತ್ತಿರದಲ್ಲಿದ್ದ ಸಭೆಗೆ, ನೋಡಿದ್ದನ್ನು ಸರಿಪಡಿಸುವ ಅಧಿಕಾರವೂ ಸಂಕಲ್ಪವೂ ಒಟ್ಟಿಗೆ ದೊರೆತಾಗ ಆದ ಕಾರ್ಯವದು.

ಅಂಥ ಪುರಸಭೆಯು ಬೆಳೆದು ನಗರಸಭೆಯಾಗಿ, ಮಣಿಪಾಲ, ಮಲ್ಪೆಗಳನ್ನು ತನ್ನೊಳಗೆ ಸೇರಿಸಿಕೊಂಡು, ಮೂವತ್ತೈದು ವಾರ್ಡುಗಳ ಸಂಸ್ಥೆಯಾದ ಮೇಲೆ ಅದರ ಅಧಿಕಾರವೂ ಬೆಳೆಯಬೇಕಾಗಿತ್ತಲ್ಲವೇ? ಈ ಪ್ರಶ್ನೆಗೆ ಉತ್ತರವನ್ನು ಸ್ವರ್ಣಾ ನದಿಯ ದಡದಲ್ಲಿ ಹುಡುಕಬೇಕು. ಕಾರ್ಕಳ ತಾಲೂಕಿನ ಘಟ್ಟದ ಮೈಯಲ್ಲಿ ಹುಟ್ಟುವ ಈ ಹೊಳೆಯ ನೀರನ್ನು ಕಾರ್ಕಳದ ಪುರಸಭೆಯು ಮುಂಡ್ಲಿಯಲ್ಲಿ ಎತ್ತಿಕೊಳ್ಳುತ್ತದೆ. ಎಣ್ಣೆಹೊಳೆಯಲ್ಲಿ ರಾಜ್ಯ ಸರಕಾರವು ಏತ ನೀರಾವರಿಗೆಂದು ಎತ್ತುತ್ತದೆ. ಉಳಿದುದು ಹಿರಿಯಡ್ಕದ ಸಮೀಪದ ಶಿರೂರು, ಬಜೆಗಳ ಅಣೆಕಟ್ಟುಗಳಲ್ಲಿ ನಿಂತು ಉಡುಪಿಯ ನಲ್ಲಿಗಳಿಗೆ ಬರುತ್ತದೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುವ ಊರಿನಲ್ಲಿ ಮೇ ತಿಂಗಳು ಬಂದರೆ ಕೊಡಪಾನಗಳು ಸಾಲು ನಿಲ್ಲುವುದು ನೋಡುವವರಿಗೆ ವಿಚಿತ್ರವೆನಿಸೀತು. ಮಳೆಯ ನೀರೆಲ್ಲ ನಾಲ್ಕು ತಿಂಗಳಲ್ಲಿ ಕಡಲಿಗೆ ಇಳಿದುಹೋಗುವ ಇಳಿಜಾರು ಈ ನೆಲದ್ದು.

೨೦೧೯ರ ಬೇಸಿಗೆಯಲ್ಲಿ ಬಜೆಯು ಬತ್ತಿತು. ಹೊಳೆಯ ಹೊಂಡಗಳಲ್ಲಿ ಉಳಿದಿದ್ದ ನೀರನ್ನು ಪಂಪು ಹಚ್ಚಿ ಅಣೆಕಟ್ಟಿನ ಕಡೆಗೆ ಹಾಯಿಸಬೇಕಾಯಿತು. ಊರಿನವರು, ಜನಪ್ರತಿನಿಧಿಗಳು ಸೇರಿ ಶ್ರಮದಾನ ಮಾಡಿದರು. ಬೀದಿಗಳಲ್ಲಿ ಟ್ಯಾಂಕರುಗಳು ಓಡಿದುವು. ಆ ಹೊತ್ತಿಗೆ ನಗರಸಭೆಯ ಸ್ಥಿತಿ ಹೇಗಿತ್ತೆಂಬುದನ್ನು ಬಹಳ ಮಂದಿ ಮರೆತಿದ್ದಾರೆ. ೨೦೧೮ರ ಆಗಸ್ಟಿನಲ್ಲಿ ಚುನಾವಣೆ ನಡೆದು ಮೂವತ್ತೈದು ಸದಸ್ಯರೂ ಆರಿಸಿ ಬಂದಿದ್ದರು. ಆದರೆ ಅಧ್ಯಕ್ಷ ಸ್ಥಾನದ ಮೀಸಲಾತಿಯ ಪಟ್ಟಿಯು ನ್ಯಾಯಾಲಯದ ವ್ಯಾಜ್ಯದಲ್ಲಿ ಸಿಕ್ಕಿಬಿದ್ದುದರಿಂದ, ರಾಜ್ಯದ ಇತರ ಎಷ್ಟೋ ಪಟ್ಟಣಗಳಲ್ಲಿ ಆದಂತೆ, ಇಲ್ಲಿಯೂ ೨೦೨೦ರ ಕೊನೆಯವರೆಗೆ ಅಧ್ಯಕ್ಷರೇ ಇರಲಿಲ್ಲ. ಮತದಾರನು ಆರಿಸಿದ ಸದಸ್ಯನಿಗೆ ಮಾತಾಡಲು ಸಭೆಯಿಲ್ಲ. ಅಧಿಕಾರವೆಲ್ಲ ಸರಕಾರವು ನೇಮಿಸಿದ ಆಡಳಿತಾಧಿಕಾರಿಯದು. ನೀರಿಲ್ಲದ ಮನೆಯವರು ಬೈದದ್ದು ಯಾರನ್ನು? ಹೆಸರು ಗೊತ್ತಿದ್ದ, ಮನೆ ಗೊತ್ತಿದ್ದ, ಕೈಯಲ್ಲಿ ಏನೂ ಇಲ್ಲದ ಆ ಸದಸ್ಯನನ್ನೇ.

ಈಗ ನೀರಿಗಾಗಿ ವಾರಾಹಿ ನದಿಯವರೆಗೆ ಹೋಗಿದ್ದೇವೆ. ಕೇಂದ್ರದ ‘ಅಮೃತ್’ ಯೋಜನೆಯ ಹಣ, ರಾಜ್ಯದ ನಗರ ಮೂಲಸೌಕರ್ಯ ಸಂಸ್ಥೆಯ ಉಸ್ತುವಾರಿ, ಕಂಟ್ರಾಕ್ಟುದಾರನ ಕೊಳವೆ, ಆ ಕೊಳವೆ ಹಾದುಬರುವ ಗ್ರಾಮ ಪಂಚಾಯತಿಗಳ ‘ನಮ್ಮೂರಿಗೂ ನೀರು ಕೊಡಿ’ ಎಂಬ ನ್ಯಾಯವಾದ ಬೇಡಿಕೆ, ಇವೆಲ್ಲ ಸೇರಿದ ಮೇಲೆ ಒಂದು ತಂಬಿಗೆ ನೀರು. ಅದಕ್ಕಿಂತ ಹಿಂದೆ ‘ಕುಡ್ಸೆಂಪ್’ ಎಂದು ಜನರ ಬಾಯಲ್ಲಿ ಹೆಸರಾದ ಕರಾವಳಿಯ ನಗರಾಭಿವೃದ್ಧಿ ಯೋಜನೆಯ ದಿನಗಳಲ್ಲಿ ಮನಿಲಾ ನಗರದ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲವೂ ಈ ನಲ್ಲಿಯಲ್ಲಿ ಹರಿದಿತ್ತು. ಸಂವಿಧಾನದ ಎಪ್ಪತ್ತನಾಲ್ಕನೆಯ ತಿದ್ದುಪಡಿಯು ಹನ್ನೆರಡನೆಯ ಅನುಸೂಚಿಯಲ್ಲಿ ಪಟ್ಟಿಮಾಡಿದ ಹದಿನೆಂಟು ವಿಷಯಗಳಲ್ಲಿ ನೀರು ಸರಬರಾಜೂ ಒಂದು. ವಿಷಯವು ನಗರಸಭೆಗೆ ಬಂದಿತು, ಅದನ್ನು ನಿರ್ವಹಿಸುವ ಹಣವೂ ತಜ್ಞರೂ ಮೇಲೆಯೇ ಉಳಿದರು.

ಮಾರ್ಗಗಳ ಕಥೆಯೂ ಇದಕ್ಕಿಂತ ಬಹಳ ಭಿನ್ನವಲ್ಲ. ತೀರ್ಥಹಳ್ಳಿಯಿಂದ ಆಗುಂಬೆ, ಹೆಬ್ರಿಗಳ ಮೇಲಾಗಿ ಮಣಿಪಾಲ, ಉಡುಪಿಗಳನ್ನು ಹಾದು ಮಲ್ಪೆಗೆ ಇಳಿಯುವ ಮಾರ್ಗವು ೧೬೯ಎ ಎಂಬ ರಾಷ್ಟ್ರೀಯ ಹೆದ್ದಾರಿಯಾಯಿತು. ಇಂದ್ರಾಳಿಯಲ್ಲಿ ಅದು ಕೊಂಕಣ ರೈಲ್ವೆಯನ್ನು ದಾಟಬೇಕು. ಹೆದ್ದಾರಿಯವರ ನಕ್ಷೆಗೆ ರೈಲ್ವೆಯವರ ಒಪ್ಪಿಗೆ ಬೇಕು, ಆ ರೈಲ್ವೆಯಾದರೋ ಕೇಂದ್ರ ಸರಕಾರವೂ ಮಹಾರಾಷ್ಟ್ರ, ಕರ್ನಾಟಕ, ಗೋವೆ, ಕೇರಳ ರಾಜ್ಯಗಳೂ ಪಾಲು ಹಾಕಿ ಕಟ್ಟಿದ ನಿಗಮ. ಸೇತುವೆಯು ವರ್ಷಗಟ್ಟಲೆ ಎಳೆದಾಡಿತು. ಮಣಿಪಾಲದ ಆಸ್ಪತ್ರೆಗೆ ರೋಗಿಯನ್ನು ಹೊತ್ತು ಬರುವ ಆಂಬುಲೆನ್ಸುಗಳೂ, ಕಾಲೇಜಿನ ಹುಡುಗರ ಸ್ಕೂಟರುಗಳೂ, ಮೀನಿನ ಲಾರಿಗಳೂ ಆ ಇಕ್ಕಟ್ಟಿನಲ್ಲಿ ಒತ್ತಿಕೊಂಡು ನಿಂತವು. ಅದೇ ಹೆದ್ದಾರಿಯ ಮೇಲಿನ ಪರ್ಕಳದ ಹೊಂಡಗಳನ್ನು ಕುರಿತು ಊರಿನವರು ಮಾಡಿದ ಹಾಸ್ಯಗಳನ್ನೆಲ್ಲ ಕೂಡಿಸಿದರೆ ಒಂದು ಸಣ್ಣ ಪುಸ್ತಕವಾದೀತು. ಆ ಹಾಸ್ಯದ ಗುರಿ ಮುಕ್ಕಾಲು ಪಾಲು ನಗರಸಭೆ, ಹೊಂಡಕ್ಕೂ ನಗರಸಭೆಗೂ ಇದ್ದ ಸಂಬಂಧ ಮಾತ್ರ ಶೂನ್ಯ.

ಹೊಗಳಿಕೆಯು ಮೇಲಕ್ಕೆ ಏರುತ್ತದೆ, ತೆಗಳಿಕೆಯು ಕೆಳಕ್ಕೆ ಇಳಿಯುತ್ತದೆ ಎಂಬುದು ಈ ವಿಷಯದಲ್ಲಿ ನಾನು ಕಂಡುಕೊಂಡ ನಿಯಮ. ಮನೆಗೆ ಬಂದ ಅಕ್ಕಿಗೋ ಖಾತೆಗೆ ಬಂದ ಹಣಕ್ಕೋ ಪ್ರಧಾನಿಯ ಅಥವಾ ಮುಖ್ಯಮಂತ್ರಿಯ ಚಿತ್ರವಿರುತ್ತದೆ; ಬಾರದ ನೀರಿಗೆ ಪಂಚಾಯತಿಯ ವಿಳಾಸವಿರುತ್ತದೆ. ಬೆಂಗಳೂರಿನಲ್ಲಿ ಸ್ಯಾಮುಯೆಲ್ ಪಾಲ್ ಎಂಬ ವಿದ್ವಾಂಸರು ೧೯೯೪ರ ಸುಮಾರಿಗೆ ಒಂದು ಹೊಸ ಪ್ರಯೋಗವನ್ನು ಮಾಡಿ, ನೀರು, ವಿದ್ಯುತ್ತು, ಮನೆನಿವೇಶನ ಮುಂತಾದ ಸೇವೆಗಳನ್ನು ಒದಗಿಸುವ ಒಂದೊಂದು ಸಂಸ್ಥೆಗೂ ನಾಗರಿಕರ ಕೈಯಿಂದ ಅಂಕ ಹಾಕಿಸಿ, ಶಾಲೆಯ ಮಕ್ಕಳ ಪ್ರಗತಿಪತ್ರದ ರೀತಿಯಲ್ಲಿ ಪ್ರಕಟಿಸಿದರು. ಅಂಕಗಳು ನಾಚಿಕೆಗೇಡಿನವಾಗಿದ್ದುವು. ೧೯೯೯ರಲ್ಲಿಯೂ ೨೦೦೩ರಲ್ಲಿಯೂ ಅದೇ ಪರೀಕ್ಷೆಯನ್ನು ಮತ್ತೆ ನಡೆಸಿದಾಗ ತೃಪ್ತರಾದವರ ಪ್ರಮಾಣವು ಏರಿದ್ದಿತು. ‘ಸರಕಾರ ಸರಿಯಿಲ್ಲ’ ಎಂಬ ಸಗಟು ಮಾತಿನಿಂದ ಯಾವ ಕಚೇರಿಯ ಮುಖವೂ ಬಾಡುವುದಿಲ್ಲ. ಇಂಥ ಕೆಲಸದಲ್ಲಿ ಇಂಥ ಸಂಸ್ಥೆಗೆ ಇಷ್ಟು ಅಂಕ ಎಂದಾಗ ಬಾಡುತ್ತದೆ. ಸ್ವಿಜರ್ಲೆಂಡಿನ ಅರ್ಥಶಾಸ್ತ್ರಜ್ಞರಾದ ಬ್ರೂನೋ ಫ್ರೈ ಮತ್ತು ಅಲೋಯಿಸ್ ಸ್ಟುಟ್ಸರ್ ಎಂಬವರು ೨೦೦೦ನೆಯ ಇಸವಿಯಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ತಮ್ಮ ದೇಶದ ಇಪ್ಪತ್ತಾರು ಪ್ರಾಂತಗಳ ಪೈಕಿ ಸಾರ್ವಜನಿಕ ನಿರ್ಣಯಗಳಲ್ಲಿ ಪ್ರಜೆಗಳ ನೇರ ಪಾಲು ಎಲ್ಲಿ ಹೆಚ್ಚೋ ಅಲ್ಲಿಯವರು ತಮ್ಮ ಜೀವನದ ಬಗ್ಗೆ ಹೆಚ್ಚು ಸಂತೃಪ್ತರೆಂದು ತೋರಿಸಿದರು. ದೊರೆತ ಫಲದಿಂದ ಮಾತ್ರವಲ್ಲದೆ, ನಿರ್ಣಯದಲ್ಲಿ ತನ್ನ ಮಾತಿಗೂ ಸ್ಥಾನವಿತ್ತೆಂಬ ಅರಿವಿನಿಂದಲೂ ಮನುಷ್ಯನಿಗೆ ಸಮಾಧಾನ ಬರುತ್ತದೆಯೆಂಬುದು ಅವರ ಅಭಿಪ್ರಾಯ.

ಆ ಅಭಿಪ್ರಾಯವನ್ನು ನಮ್ಮ ಅಡುಗೆಮನೆಗೆ ಕರೆತರೋಣ. ಕರಾವಳಿಯವನ ಹೊಟ್ಟೆಗೆ ಬೇಕಾದುದು ಕುಚ್ಚಲಕ್ಕಿ. ಗಂಜಿಗೂ ಅದೇ, ಮೀನಿನ ಸಾರಿಗೂ ಅದೇ. ಬೆಳ್ತಿಗೆ ಅಕ್ಕಿಯು ದೋಸೆಗೆ, ಪಾಯಸಕ್ಕೆ, ನೆಂಟರ ಊಟಕ್ಕೆ. ನ್ಯಾಯಬೆಲೆ ಅಂಗಡಿಯಲ್ಲಿ ತಿಂಗಳು ತಿಂಗಳೂ ಸಿಕ್ಕುತ್ತಿದ್ದುದು ಮಾತ್ರ ಎಲ್ಲೋ ದೂರದ ಗೋದಾಮಿನಿಂದ ಬಂದ ಬಿಳಿ ಬೆಳ್ತಿಗೆ. ಪುಕ್ಕಟೆಯಾಗಿ ಬಂದ ಆ ಅಕ್ಕಿಯನ್ನು ಅನೇಕ ಮನೆಗಳವರು ಕೊಟ್ಟು, ಅದಕ್ಕೆ ಇನ್ನಷ್ಟು ಹಣ ಸೇರಿಸಿ, ಅಂಗಡಿಯಿಂದ ಕುಚ್ಚಲಕ್ಕಿಯನ್ನು ಕೊಂಡು ತಂದರು. ಹಸಿವನ್ನು ಹೋಗಲಾಡಿಸಬೇಕೆಂಬ ಸದುದ್ದೇಶದಲ್ಲಿ ಲೋಪವಿರಲಿಲ್ಲ. ಯಾವ ಅಕ್ಕಿಯೆಂಬ ಪ್ರಶ್ನೆಯನ್ನು ಉಣ್ಣುವವನಿಗೆ ಯಾರೂ ಕೇಳಿರಲಿಲ್ಲ. ಹಲವು ವರ್ಷಗಳ ಒತ್ತಾಯದ ತರುವಾಯ ಸ್ಥಳೀಯ ಭತ್ತದ ತಳಿಗಳನ್ನೇ ಬೆಂಬಲ ಬೆಲೆಗೆ ಕೊಂಡು ಕುಚ್ಚಲಕ್ಕಿಯಾಗಿಸಿ ಹಂಚುವ ಯೋಚನೆಯಾಯಿತು. ತಳಿಗಳಿಗೆ ಕೇಂದ್ರದ ಒಪ್ಪಿಗೆ ಬೇಕು. ಖರೀದಿಯನ್ನು ರಾಜ್ಯವು ಮಾಡಬೇಕು. ಇಲ್ಲಿಯ ಕೊಯ್ಲು ಅಕ್ಟೋಬರ್, ನವೆಂಬರಿನಲ್ಲೇ ಮುಗಿಯುತ್ತದೆ, ಖರೀದಿ ಕೇಂದ್ರಗಳು ಬಾಗಿಲು ತೆರೆಯುವ ಹೊತ್ತಿಗೆ ರೈತನು ಒದ್ದೆ ಭತ್ತವನ್ನು ಮಿಲ್ಲಿಗೆ ಮಾರಿ ಕೈತೊಳೆದುಕೊಂಡಿರುತ್ತಾನೆ. ಮಾರುಕಟ್ಟೆಯ ಬೆಲೆಯು ಬೆಂಬಲ ಬೆಲೆಯನ್ನು ಮೀರಿದ ವರ್ಷ ಅವನು ಖರೀದಿ ಕೇಂದ್ರದ ಕಡೆಗೆ ತಲೆಹಾಕುವುದೂ ಇಲ್ಲ. ಘಟ್ಟದ ಮೇಲಿನ ಪಂಚಾಂಗವನ್ನು ಘಟ್ಟದ ಕೆಳಗೆ ನಡೆಸಿದರೆ ಆಗುವ ಅನುಭವವಿದು.

ಇನ್ನೊಂದು, ಮಹಿಳೆಯರಿಗೆ ಸರಕಾರೀ ಬಸ್ಸಿನಲ್ಲಿ ಉಚಿತ ಪ್ರಯಾಣವನ್ನು ಕೊಟ್ಟ ‘ಶಕ್ತಿ’ ಯೋಜನೆ. ೨೦೨೩ರ ಜೂನ್ ೧೧ರಿಂದ ಅದು ರಾಜ್ಯದ ಉಳಿದ ಕಡೆಗಳಲ್ಲಿ ಎಷ್ಟೋ ಹೆಂಗಸರ ಬದುಕನ್ನು ಹಗುರಮಾಡಿತು. ಉಡುಪಿ, ಮಣಿಪಾಲ, ಕಾರ್ಕಳ, ಕಾಪುಗಳ ನಡುವೆ ಓಡುವ ಬಸ್ಸುಗಳಲ್ಲಿ ಬಹುಪಾಲು ಖಾಸಗಿಯವರವಾದುದರಿಂದ, ಇಲ್ಲಿಯ ಗೇರುಬೀಜದ ಕಾರ್ಖಾನೆಗೆ ಹೋಗುವ ಹೆಂಗಸು ಇಂದಿಗೂ ಕಂಡಕ್ಟರನಿಗೆ ಚಿಲ್ಲರೆ ಎಣಿಸಿ ಕೊಡುತ್ತಾಳೆ.

ಮನೆ ಕಟ್ಟುವವರ ಪಾಡು ಇದಕ್ಕಿಂತ ಗಂಭೀರವಾದುದು. ಬಯಲುಸೀಮೆಯಲ್ಲಿ ಹಳ್ಳಿಯೆಂದರೆ ಒತ್ತಾಗಿ ಕಟ್ಟಿದ ಮನೆಗಳ ಗುಂಪು, ಸುತ್ತ ಹೊಲ. ತುಳುನಾಡಿನಲ್ಲಿ ಹಾಗಲ್ಲ. ಒಬ್ಬೊಬ್ಬನ ಮನೆ ಅವನವನ ಗದ್ದೆಯ ಅಂಚಿನಲ್ಲಿ, ತೆಂಗುಕಂಗುಗಳ ನಡುವೆ, ನೆರೆಮನೆಯವನನ್ನು ಕೂಗಿ ಕರೆಯಬೇಕಾದಷ್ಟು ದೂರದಲ್ಲಿ. ಗ್ರಾಮಠಾಣವೆಂಬ ಕಲ್ಪನೆಯೇ ಇಲ್ಲಿ ಅಪರೂಪ. ಪಂಚಾಯತಿಯ ‘ನೈನ್ ಇಲೆವೆನ್’ ಎಂದು ಎಲ್ಲರ ಬಾಯಲ್ಲಿ ಓಡಾಡುವ, ಆಸ್ತಿಯ ದಾಖಲೆಯಾದ ೯ ಮತ್ತು ೧೧ನೆಯ ನಮೂನೆಗಳು ಸಿಕ್ಕದೆ ಇಲ್ಲಿ ಬ್ಯಾಂಕಿನ ಸಾಲವಿಲ್ಲ, ನೋಂದಣಿಯಿಲ್ಲ. ಆ ನಮೂನೆಗೆ ಮೊದಲು, ಐದು ಸೆಂಟ್ಸು ಜಾಗೆಯಲ್ಲಿ ತನಗೊಂದು ಮನೆ ಬೇಕೆಂದವನೂ, ದೊಡ್ಡ ಬಡಾವಣೆಯನ್ನು ಮಾರಾಟಕ್ಕಿಡುವವನಂತೆ, ಏಕನಿವೇಶನ ವಿನ್ಯಾಸಕ್ಕೆ ಯೋಜನಾ ಪ್ರಾಧಿಕಾರದ ಅನುಮೋದನೆಯನ್ನು ತರಬೇಕೆಂಬ ನಿಯಮ ಬಂದಿತು. ಇಷ್ಟಗಲದ ಮಾರ್ಗವಿರಬೇಕೆಂದು ನಿಯಮವು ಕೇಳುತ್ತದೆ. ಅಜ್ಜನ ಕಾಲದಿಂದ ನಡೆದಾಡಿದ ಕಾಲುಹಾದಿ ಅದರ ಲೆಕ್ಕಕ್ಕೆ ಬರುವುದಿಲ್ಲ. ಮೊದಲು ಪಂಚಾಯತಿಯಲ್ಲಿ ಮುಗಿಯುತ್ತಿದ್ದ ಕೆಲಸವು ಪಟ್ಟಣಕ್ಕೆ ಹೋಯಿತು. ಅಡ್ಡಾದಿಡ್ಡಿಯಾಗಿ ಕಟ್ಟಡಗಳು ಏಳದಿರಲೆಂಬ ನಿಯಮಕಾರರ ಚಿಂತೆ ನ್ಯಾಯವಾದುದೇ. ಮಣಿಪಾಲದ ಗುಡ್ಡಗಳ ಮೇಲೆ ಬಹುಮಹಡಿಗಳು ಎದ್ದ ರೀತಿಯನ್ನು ನೋಡಿದವರು ಅದನ್ನು ಅಲ್ಲಗಳೆಯಲಾರರು. ಆ ಮಣಿಪಾಲದಲ್ಲಿಯೂ ಒಂದು ಮಗ್ಗುಲು ನಗರಸಭೆಯದು, ಇನ್ನೊಂದು ಮಗ್ಗುಲು ೮೦ ಬಡಗಬೆಟ್ಟು ಗ್ರಾಮ ಪಂಚಾಯತಿಯದು. ದೇಶವಿದೇಶಗಳಿಂದ ಬಂದು ನಾಲ್ಕು ವರ್ಷ ನೆಲೆಸುವ ವಿದ್ಯಾರ್ಥಿಗಳ ಪೈಕಿ ಬಹುತೇಕರು ಎರಡರಲ್ಲಿಯೂ ಮತದಾರರಲ್ಲ.

ಕಾರ್ಕಳದಲ್ಲಿ ಇದೇ ಮಾತಿಗೆ ಇನ್ನೊಂದು ರೂಪವಿದೆ. ೧೪೩೨ರಲ್ಲಿ ವೀರಪಾಂಡ್ಯನು ನಿಲ್ಲಿಸಿದ, ನಲವತ್ತೆರಡು ಅಡಿ ಎತ್ತರದ ಗೊಮ್ಮಟನೂ, ಅದರ ಎದುರಿಗಿನ ಚತುರ್ಮುಖ ಬಸದಿಯೂ ಕೇಂದ್ರದ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ೨೦೧೦ರ ತಿದ್ದುಪಡಿಯ ಪ್ರಕಾರ ಅಂಥ ಸ್ಮಾರಕದಿಂದ ನೂರು ಮೀಟರಿನೊಳಗೆ ಹೊಸ ಕಟ್ಟಡ ನಿಷಿದ್ಧ. ಅದರಾಚೆಗಿನ ಇನ್ನೂರು ಮೀಟರುಗಳಲ್ಲಿ ಅನುಮತಿಯಿಲ್ಲದೆ ಕಟ್ಟುವಂತಿಲ್ಲ. ಬೆಟ್ಟದ ತಪ್ಪಲಿನಲ್ಲಿ ಪಿತ್ರಾರ್ಜಿತವಾದ ಹಂಚಿನ ಮನೆಯಿದ್ದವನು ಪುರಸಭೆಯ ಬಾಗಿಲಲ್ಲಿ ಎಷ್ಟು ನಿಂತರೂ ಅವನ ಅರ್ಜಿಯ ಹಣೆಬರಹ ತೀರ್ಮಾನವಾಗುವುದು ದಿಲ್ಲಿಯಲ್ಲಿ. ಆದರೂ ಈ ಒಂದು ವಿಷಯದಲ್ಲಿ ನಾನು ದಿಲ್ಲಿಯ ಪಕ್ಷ. ಪುರಸಭೆಯೊಂದರ ಬಹುಮತಕ್ಕೆ ಆರುನೂರು ವರ್ಷಗಳ ಶಿಲೆಯ ಸುತ್ತಣ ಆಕಾಶವನ್ನು ಒಪ್ಪಿಸುವುದು ವಿವೇಕವೆಂದು ನನಗೆ ತೋರುವುದಿಲ್ಲ.

ಹತ್ತಿರದ್ದೆಲ್ಲ ಒಳ್ಳೆಯದೆಂಬ ಭಾವನೆಗೆ ಇದಕ್ಕಿಂತ ಬಲವಾದ ಪ್ರತ್ಯುತ್ತರವೊಂದು ಈ ಜಿಲ್ಲೆಯ ಮನೆಮನೆಯಲ್ಲಿಯೂ ಇದೆ. ಚಾಲಗೇಣಿಯ ಒಕ್ಕಲು ಎಷ್ಟು ತಲೆಮಾರು ಉತ್ತರೂ, ಗೇಣಿಯ ಅಕ್ಕಿಮುಡಿಯನ್ನು ಧನಿಗಳ ಅಂಗಳಕ್ಕೆ ಒಯ್ದು ಹಾಕಿ, ಕೈಕಟ್ಟಿ ನಿಂತು ಬರಬೇಕಾಗಿದ್ದ ಕಾಲದಲ್ಲಿ, ಊರಿನ ಪಂಚಾಯತಿಯೂ ತಾಲೂಕಿನ ಬೋರ್ಡೂ ಬಹುಮಟ್ಟಿಗೆ ಆ ಧನಿಗಳ ವರ್ಗದವರ ಕೈಯಲ್ಲಿಯೇ ಇದ್ದುವು. ಅಂಥ ಹತ್ತಿರದ ಸರಕಾರದಿಂದ ಒಕ್ಕಲಿಗೆ ಭೂಮಿ ಎಂದಾದರೂ ಸಿಕ್ಕುತ್ತಿತ್ತೇ? ೧೯೭೪ರ ಮಾರ್ಚ್ ೧ರಿಂದ, ದೇವರಾಜ ಅರಸರ ಸರಕಾರವು ಭೂಸುಧಾರಣೆಯ ತಿದ್ದುಪಡಿ ಕಾಯಿದೆಯನ್ನು ಜಾರಿಗೆ ತಂದು, ತಾಲೂಕು ತಾಲೂಕಿಗೆ ಭೂನ್ಯಾಯಮಂಡಳಿಗಳನ್ನು ಕೂರಿಸಿತು. ‘ಡಿಕ್ಲರೇಶನ್ ಕೊಡುವುದು’ ಎಂದು ಇಂದಿಗೂ ಹಿರಿಯರು ಹೇಳುವ ಆ ಒಂದು ಅರ್ಜಿಯಿಂದ, ಉಡುಪಿ ಕಾರ್ಕಳಗಳ ಸಾವಿರಾರು ಒಕ್ಕಲುಗಳು ಗದ್ದೆಯ ಒಡೆಯರಾದರು. ಅವರ ಮಕ್ಕಳು ಮುಂಬಯಿಯಿಂದ ಕೊಲ್ಲಿಯವರೆಗೆ ಹೋಗಿ ದುಡಿದು ಅದೇ ಗದ್ದೆಯ ತಲೆಯಲ್ಲಿ ತಾರಸಿಯ ಮನೆ ಕಟ್ಟಿದರು. ಗೇಣಿಯಿಂದಲೇ ಜೀವಿಸುತ್ತಿದ್ದ ಬಡ ವಿಧವೆಯರೂ ಸಣ್ಣ ದೇವಸ್ಥಾನಗಳೂ ನಷ್ಟಕ್ಕೀಡಾದರೆಂಬುದೂ ನಿಜವೇ. ಈ ಜಿಲ್ಲೆಯ ಬಹುಜನರ ಬದುಕನ್ನು ಇಷ್ಟು ಆಳವಾಗಿ ಬದಲಿಸಿದ ಸರಕಾರೀ ಕ್ರಮ ಬೇರೊಂದಿಲ್ಲ. ಅದು ಬಂದುದು ನಾನೂರು ಕಿಲೋಮೀಟರು ದೂರದ ವಿಧಾನಸೌಧದಿಂದ.

ಸಮುದ್ರದ ಮೇಲೆಯೂ ದೂರದ ಸರಕಾರದ ಅಗತ್ಯ ಹೀಗೆಯೇ ಉಂಟು. ದಡದಿಂದ ಹನ್ನೆರಡು ನಾಟಿಕಲ್ ಮೈಲಿಯವರೆಗೆ ಮೀನುಗಾರಿಕೆಯು ರಾಜ್ಯದ ವಿಷಯ, ಅದರಾಚೆಗೆ ಕೇಂದ್ರದ್ದು. ಜೂನ್ ೧ರಿಂದ ಜುಲೈ ೩೧ರವರೆಗಿನ ಅರುವತ್ತೊಂದು ದಿನಗಳ ಮಳೆಗಾಲದ ನಿಷೇಧವನ್ನು ಇಬ್ಬರೂ ಸೇರಿ ಪಾಲಿಸಿದರೆ ಮಾತ್ರ ಅರ್ಥವುಂಟು, ಮೀನಿಗೆ ಆ ಗೆರೆ ಕಾಣುವುದಿಲ್ಲ. ಆಪತ್ತು ಬಂದಾಗ ಮನುಷ್ಯರಿಗೆ ಅದು ಕಾಣುತ್ತದೆ. ೨೦೧೮ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ವೆಂಬ ಬೋಟು ಏಳು ಮಂದಿ ಮೀನುಗಾರರೊಡನೆ ಮಹಾರಾಷ್ಟ್ರದ ಕಡಲಿನಲ್ಲಿ ಕಣ್ಮರೆಯಾಯಿತು. ಎರಡು ರಾಜ್ಯಗಳ ಪೊಲೀಸರು, ತಟರಕ್ಷಣಾ ಪಡೆ, ನೌಕಾಪಡೆ ಎಂದು ಮನೆಯವರು ಒಂದೊಂದು ಬಾಗಿಲಿಗೂ ಹೋದರು. ಉತ್ತರ ಬಾರದಿದ್ದಾಗ, ೨೦೧೯ರ ಜನವರಿಯಲ್ಲಿ, ಸಾವಿರಾರು ಮೀನುಗಾರರು ರಾಷ್ಟ್ರೀಯ ಹೆದ್ದಾರಿಯಲ್ಲಿಯೇ ಕುಳಿತರು. ಮೇ ತಿಂಗಳ ಹೊತ್ತಿಗೆ ನೌಕಾಪಡೆಯ ಹಡಗು ಮಾಲ್ವಣದ ಆಚೆ ಕಡಲ ತಳದಲ್ಲಿ ಬೋಟಿನ ಅವಶೇಷವನ್ನು ಗುರುತಿಸಿತು. ಅಷ್ಟು ಆಳಕ್ಕೆ ಇಳಿದು ಹುಡುಕುವ ಸಾಮರ್ಥ್ಯ ದಿಲ್ಲಿಗಲ್ಲದೆ ಬೇರೆಯವರಿಗಿರಲಿಲ್ಲ; ಹುಡುಕುತ್ತಿದ್ದೇವೆಂದು ಆ ತಾಯಂದಿರಿಗೆ ದಿನವೂ ತಿಳಿಸುವ ಜವಾಬ್ದಾರಿಯನ್ನು ವಹಿಸಿಕೊಳ್ಳಲು ಯಾವ ಸರಕಾರವೂ ಸಾಕಷ್ಟು ಹತ್ತಿರದಲ್ಲಿರಲಿಲ್ಲ.

ಜವಾಬ್ದಾರಿ ಹೀಗೆ ಹಂಚಿಹೋದುದಕ್ಕೆ ನೆಲದ ಮೇಲೆಯೂ ಉದಾಹರಣೆಯುಂಟು. ಕಾಪು ತಾಲೂಕಿನ ಎಲ್ಲೂರಿನಲ್ಲಿ ೧೨೦೦ ಮೆಗಾವಾಟಿನ ಉಷ್ಣ ವಿದ್ಯುತ್ ಸ್ಥಾವರವಿದೆ. ಪರಿಸರದ ಅನುಮತಿಯನ್ನು ಕೊಟ್ಟವರು ದಿಲ್ಲಿಯವರು, ವಿದ್ಯುತ್ತಿನ ಮುಖ್ಯ ಗಿರಾಕಿ ರಾಜ್ಯ, ಕಲ್ಲಿದ್ದಲು ಬರುವುದು ಪರದೇಶದಿಂದ, ಹಾರುಬೂದಿಯ ಹಾಗೂ ಉಪ್ಪಾದ ಬಾವಿನೀರಿನ ದೂರು ಮಾತ್ರ ಸುತ್ತಣ ಗ್ರಾಮಗಳದು. ಪಂಚಾಯತಿಯಿಂದ ಆಗದ ಕೆಲಸವನ್ನು ಹಿಡಿದು ಅಲ್ಲಿಯವರು ಕೊನೆಗೆ ಚೆನ್ನೈಯಲ್ಲಿರುವ ಹಸುರು ನ್ಯಾಯಪೀಠಕ್ಕೆ ಹೋದರು. ಅದು ೨೦೨೨ರಲ್ಲಿ ಐವತ್ತು ಕೋಟಿಗೂ ಮಿಕ್ಕಿದ ಪರಿಸರ ಪರಿಹಾರವನ್ನು ವಿಧಿಸಿತು. ಕಂದಾಯದ ವ್ಯಾಜ್ಯಕ್ಕೆಂದು ಅಜ್ಜಂದಿರು ಮದರಾಸಿಗೆ ಹೋದರು, ಬೂದಿಯ ವ್ಯಾಜ್ಯಕ್ಕೆಂದು ಮೊಮ್ಮಕ್ಕಳು ಹೋದರು.

ಹಾಗೆಂದು ಎಲ್ಲಿಯೂ ಮಟ್ಟಗಳು ಒಂದಕ್ಕೊಂದು ಕೈಕೊಟ್ಟು ಕೆಲಸ ಮಾಡಲೇ ಇಲ್ಲವೆಂದರೆ ಅದು ಅನ್ಯಾಯದ ಮಾತು. ಉದ್ಯೋಗ ಖಾತರಿಯ ಹಣದಿಂದ ಈ ಜಿಲ್ಲೆಯ ಪಂಚಾಯತಿಗಳು ತೋಡಿಸಿದ ತೆರೆದ ಬಾವಿಗಳು, ಬಯಲುಸೀಮೆಯನ್ನು ಕಣ್ಣ ಮುಂದಿಟ್ಟು ಬರೆದ ಕಾಯಿದೆಯನ್ನು ಊರಿನ ಅಗತ್ಯಕ್ಕೆ ಒಗ್ಗಿಸಿಕೊಂಡ ಜಾಣತನಕ್ಕೆ ಸಾಕ್ಷಿ. ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ ಎದ್ದ ಒಣಕಸದ ಬೃಹತ್ ವಿಂಗಡಣಾ ಘಟಕದಲ್ಲಿ ಸ್ವಚ್ಛ ಭಾರತದ ಅನುದಾನ, ಜಿಲ್ಲಾ ಪಂಚಾಯತಿಯ ಯೋಜನೆ, ಗ್ರಾಮ ಪಂಚಾಯತಿಯ ನೆಲ, ಸುತ್ತಲ ಹತ್ತಾರು ಪಂಚಾಯತಿಗಳ ಕಸ, ಖಾಸಗಿಯವರ ನಿರ್ವಹಣೆ ಇವು ಕೂಡಿ ಬಂದುವು. ಉಡುಪಿ ನಗರದ ಕಸವನ್ನಾದರೋ ವರ್ಷಾನುಕಾಲ ಪಕ್ಕದ ಅಲೆವೂರಿನ ಕರ್ವಾಲಿಗೆ ಒಯ್ದು ಸುರಿಯಲಾಯಿತು. ನಗರದವನ ತೃಪ್ತಿಯು ಹಳ್ಳಿಯವನ ಮೂಗಿನ ಖರ್ಚಿನಲ್ಲಿ ಬಂದಿತು.

ನನ್ನ ನಿರ್ಣಯವಿಷ್ಟು. ನ್ಯಾಯವನ್ನು, ಹಕ್ಕನ್ನು, ಆಪತ್ಕಾಲದ ರಕ್ಷಣೆಯನ್ನು ದೂರದ ಸರಕಾರವು ಕೊಡಲಿ. ಅಕ್ಕಿಯ ಬಣ್ಣ, ಮನೆಯ ಮಾರ್ಗದ ಅಗಲ, ನಲ್ಲಿಯ ವೇಳೆ ಇವನ್ನು ಹತ್ತಿರದ ಸರಕಾರಕ್ಕೆ, ತಕ್ಕ ಹಣದೊಡನೆ, ಬಿಡಲಿ. ಹಣವನ್ನು ಕೊಡದೆ ಕೆಲಸವನ್ನು ಮಾತ್ರ ಬಿಟ್ಟುಕೊಟ್ಟರೆ ಅದನ್ನು ವಿಕೇಂದ್ರೀಕರಣವೆಂದು ಕರೆಯಲಾಗದು. ಹತ್ತಿರಕ್ಕೂ ದೂರಕ್ಕೂ ಸೇತುವೆಯಾಗಿರಬೇಕಾದ ತಾಲೂಕು ಪಂಚಾಯತಿ, ಜಿಲ್ಲಾ ಪಂಚಾಯತಿಗಳ ಅವಸ್ಥೆಯನ್ನಂತೂ ಹೇಳುವುದೇ ಬೇಡ. ೧೯೮೭ರಲ್ಲಿ, ಆಗಿನ ಪಂಚಾಯತ್ ರಾಜ್ ಮಂತ್ರಿ ಅಬ್ದುಲ್ ನಜೀರ್ ಸಾಹೇಬರ ಉತ್ಸಾಹದಿಂದ, ಇಡೀ ದೇಶಕ್ಕೆ ಮೇಲ್ಪಂಕ್ತಿಯಾಗಿ ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆಸಿದ ರಾಜ್ಯವಿದು. ಅದೇ ರಾಜ್ಯದಲ್ಲಿ ೨೦೨೧ರಲ್ಲಿ ಈ ಎರಡು ಸಂಸ್ಥೆಗಳ ಸದಸ್ಯರ ಅವಧಿ ಮುಗಿದ ಮೇಲೆ, ಕ್ಷೇತ್ರವಿಂಗಡಣೆ, ಮೀಸಲಾತಿ, ವ್ಯಾಜ್ಯ ಎಂಬ ಕಾರಣಗಳಿಂದ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ರಜತಾದ್ರಿಯ ಜಿಲ್ಲಾ ಪಂಚಾಯತಿಯ ಸಭಾಂಗಣದಲ್ಲಿ ಅಧಿಕಾರಿಗಳು ಅಧಿಕಾರಿಗಳನ್ನೇ ಪ್ರಶ್ನಿಸಿ ಉತ್ತರ ಪಡೆದುಕೊಂಡರು. ಇದಕ್ಕಾಗಿ ಊರಿನಲ್ಲಿ ಒಂದು ಮೆರವಣಿಗೆಯೂ ಹೊರಡಲಿಲ್ಲವೆಂಬುದು ನನಗೆ ಚುನಾವಣೆ ನಡೆಯದಿದ್ದುದಕ್ಕಿಂತಲೂ ಹೆಚ್ಚು ಖೇದಕರವಾಗಿ ತೋರುತ್ತದೆ.

ಗ್ರಾಮಸಭೆಯು ಆರು ತಿಂಗಳಿಗೊಮ್ಮೆಯಾದರೂ ಸೇರತಕ್ಕದ್ದೆಂದು ಕಾನೂನಿದೆ. ಓದುಗರಲ್ಲಿ ಪಂಚಾಯತಿಯ ವ್ಯಾಪ್ತಿಯವರಿದ್ದರೆ ಮುಂದಿನ ಸಭೆಯ ದಿನವನ್ನು ಕಚೇರಿಯಲ್ಲಿ ವಿಚಾರಿಸಿ, ಹೋಗಿ ಕುಳಿತು, ನಿಮ್ಮ ಮಾರ್ಗ ಯಾವ ಇಲಾಖೆಯದು, ನಿಮ್ಮ ನೀರಿಗೆ ಎಷ್ಟು ಹಣ ಎಲ್ಲಿಂದ ಬಂದಿತು, ತಾಲೂಕು ಹಾಗೂ ಜಿಲ್ಲಾ ಪಂಚಾಯತಿಗಳಿಗೆ ನಿಮ್ಮ ಪ್ರತಿನಿಧಿ ಯಾರು ಎಂಬ ಮೂರು ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ನಡವಳಿ ಪುಸ್ತಕದಲ್ಲಿ ಬರೆಯಿಸಬೇಕೆಂದು ವಿನಂತಿ.